ಟೋಪಿ ಕಾಯುವವನು ಹೊದಿಕೆ ಹೊದಿಸಿದರೆ ಏನಾಗುತ್ತೆ? ಹಾನ್ ಫೆಯ್‌ನನ್ನು ಇವತ್ತು ಓದುವುದು

ಸರ್ಕಾರಿ ಉಗ್ರಾಣದಲ್ಲಿ ಮೂರು ಇಲಿ ಬಿಲ ಕಂಡರೆ ಅಧಿಕಾರಿಗೆ ಒಂದು ಗುರಾಣಿಯ ಲೆಕ್ಕದಲ್ಲಿ ದಂಡ. ಎರಡೇ ಇದ್ದರೆ ಬರೀ ಛೀಮಾರಿ. ಸುಂಡಿಲಿ ಬಿಲವಾದರೆ ಮೂರನ್ನು ಸೇರಿಸಿ ಒಂದು ದೊಡ್ಡ ಬಿಲ ಅಂತ ಎಣಿಸಬೇಕು.

ಯಾರೋ ತಮಾಷೆಗೆ ಬರೆದದ್ದಲ್ಲ ಇದು. ಸುಮಾರು 2,200 ವರ್ಷಗಳ ಹಿಂದೆ ಚೀನಾದ ಛಿನ್ ರಾಜ್ಯದಲ್ಲಿ ನಡೆಯುತ್ತಿದ್ದ ಪದ್ಧತಿ. 1975ರಲ್ಲಿ ಹುಬೆಯ್ ಪ್ರಾಂತ್ಯದ ಶುಯ್‌ಹುದಿ ಅನ್ನುವ ಕಡೆ ಒಂದು ಗೋರಿ ಅಗೆದಾಗ, ಒಳಗೆ ಮಲಗಿದ್ದವನ ಪಕ್ಕದಲ್ಲಿ ಸಾವಿರಕ್ಕೂ ಜಾಸ್ತಿ ಬಿದಿರಿನ ಪಟ್ಟಿಗಳು ಸಿಕ್ಕವು. ಅವನು ಶೀ ಅನ್ನುವ ಸಣ್ಣ ಅಧಿಕಾರಿ. ಬದುಕಿದ್ದಾಗ ದಿನವೂ ತಿರುವಿ ಹಾಕುತ್ತಿದ್ದ ಕಾನೂನನ್ನು ಗೋರಿಗೂ ಹೊತ್ತುಕೊಂಡು ಹೋಗಿದ್ದ. ಅದರಲ್ಲಿ ಎತ್ತಿನ ಲೆಕ್ಕವೂ ಇದೆ. ಸರ್ಕಾರಿ ಎತ್ತನ್ನು ಉಳುಮೆಗೆ ಬಳಸಿದಾಗ ಅದರ ಸುತ್ತಳತೆ ಕಮ್ಮಿಯಾದರೆ, ಅಂಗುಲಕ್ಕೆ ಹತ್ತರಂತೆ ನೋಡಿಕೊಳ್ಳುವವನಿಗೆ ಏಟು. ವರ್ಷಕ್ಕೆ ನಾಲ್ಕು ಸಲ ಎತ್ತುಗಳ ತಪಾಸಣೆ. ಚೆನ್ನಾಗಿ ಸಾಕಿದ ಅಧಿಕಾರಿಗೆ ಮದ್ಯ, ಒಣಮಾಂಸದ ಇನಾಮು, ಕೊನೆಯ ಸ್ಥಾನ ಬಂದವನಿಗೆ ಬೈಗುಳ. ಕ್ವಾರ್ಟರ್ಲಿ ರಿವ್ಯೂ ಅಂತ ನಮ್ಮ ಆಫೀಸುಗಳಲ್ಲಿ ನಡೆಯುತ್ತಲ್ಲ, ಅದೇ. ಪಿಪಿಟಿ ಒಂದು ಇರಲಿಲ್ಲ ಅಷ್ಟೆ.

ಚೀನಾದ ತತ್ವಜ್ಞಾನ ಅಂದ ತಕ್ಷಣ ನಮಗೆ ನೆನಪಾಗುವುದು ಗುಡ್ ಮಾರ್ನಿಂಗ್ ಮೆಸೇಜಿನ ಜೊತೆ ಬರುವ ಕನ್ಫ್ಯೂಷಿಯಸ್‌ನ ಮಾತುಗಳು. ಅವುಗಳಲ್ಲಿ ಎಷ್ಟೋ ಆತ ಹೇಳಿದ್ದೇ ಅಲ್ಲ. ಇಲ್ಲದಿದ್ದರೆ ಲಾವೋತ್ಸೆಯ ‘ಹರಿಯುವ ನೀರಿನ ಹಾಗಿರು’ ಥರದ್ದು. ಆದರೆ ಇವತ್ತು ನಮ್ಮ ಆಫೀಸು, ಆ್ಯಪ್, ಸರ್ಕಾರಗಳ ಒಳಗೆ ನಿಜವಾಗಿ ಓಡುತ್ತಿರುವ ವಿಚಾರ ಇವರಿಬ್ಬರದೂ ಅಲ್ಲ. ಅದು ‘ಕಾನೂನುವಾದಿಗಳು’ ಅಂತ ಕರೆಸಿಕೊಂಡವರದು, ಅದರಲ್ಲೂ ಹಾನ್ ಫೆಯ್ ಅನ್ನುವವನದು. ಅವನನ್ನು ಓದಿದರೆ ನಿಮ್ಮ ಮ್ಯಾನೇಜರ್ ಯಾಕೆ ಹಾಗೆ ಆಡುತ್ತಾರೆ, ಚೀನಾದ ಸರ್ಕಾರ ಯಾಕೆ ಹಾಗೆ ನಡೆದುಕೊಳ್ಳುತ್ತೆ ಅನ್ನುವುದು ಎರಡೂ ಒಟ್ಟಿಗೇ ಸ್ವಲ್ಪ ಅರ್ಥವಾಗುತ್ತೆ.

ಕಾಲ ಯಾವುದು ಅಂತ ಮೊದಲು ನೋಡೋಣ. ಕ್ರಿ.ಪೂ. 5ರಿಂದ 3ನೇ ಶತಮಾನದವರೆಗೆ ಚೀನಾದಲ್ಲಿ ಏಳು ದೊಡ್ಡ ರಾಜ್ಯಗಳು ಒಂದನ್ನೊಂದು ನುಂಗಲು ಕಾದು ಕೂತಿದ್ದವು. ಸೋತರೆ ಬರೀ ಊರು ಹೋಗುವುದಲ್ಲ, ವಂಶವೇ ನಿರ್ವಂಶ. ಅಂಥ ಹೊತ್ತಿನಲ್ಲಿ ಶಾಂಗ್ ಯಾಂಗ್ ಅನ್ನುವ ಮಂತ್ರಿ ಪಶ್ಚಿಮದ ಛಿನ್ ರಾಜ್ಯಕ್ಕೆ ಬಂದು ಆಡಳಿತವನ್ನೇ ಬುಡಮೇಲು ಮಾಡಿದ. ಹೊಸ ಕಾನೂನನ್ನು ಜನ ನಂಬಬೇಕಲ್ಲ? ರಾಜಧಾನಿಯ ಸಂತೆಯ ದಕ್ಷಿಣ ಬಾಗಿಲಲ್ಲಿ ಒಂದು ಮರದ ಕಂಬ ನೆಡಿಸಿ, ಇದನ್ನು ಉತ್ತರ ಬಾಗಿಲಿಗೆ ಹೊತ್ತು ಹಾಕಿದವರಿಗೆ ಹತ್ತು ಚಿನ್ನ ಅಂತ ಸಾರಿಸಿದ. ಯಾರೂ ಮುಟ್ಟಲಿಲ್ಲ, ಏನೋ ಮಸಲತ್ತಿದೆ ಅಂದುಕೊಂಡರು. ಐವತ್ತು ಚಿನ್ನ ಅಂದ. ಒಬ್ಬ ಆಗಿದ್ದಾಗಲಿ ಅಂತ ಹೊತ್ತು ಹಾಕಿದ, ಆ ಕ್ಷಣವೇ ಐವತ್ತು ಎಣಿಸಿ ಕೊಟ್ಟ. ಕಾನೂನು ಹೊರಟಿದ್ದು ಆಮೇಲೆ. ಸರ್ಕಾರ ಹೇಳಿದ್ದನ್ನು ಮಾಡುತ್ತೆ ಅನ್ನುವ ನಂಬಿಕೆಯೇ ಮೊದಲ ಬಂಡವಾಳ ಅಂತ ಅವನಿಗೆ ಗೊತ್ತಿತ್ತು.

ಹಾನ್ ಫೆಯ್ ಬಂದದ್ದು ಇದಾಗಿ ಸುಮಾರು ನೂರು ವರ್ಷದ ಮೇಲೆ. ಹಾನ್ ಅನ್ನುವ ಚಿಕ್ಕ ರಾಜ್ಯದ ರಾಜವಂಶದವನು. ಮಾತಾಡಲು ಹೋದರೆ ಉಗ್ಗುತ್ತಿದ್ದ, ಅದಕ್ಕೇ ಬರೆದ. ಅವನ ಬರಹವನ್ನು ಸ್ವಂತ ರಾಜ ಕಿವಿಗೇ ಹಾಕಿಕೊಳ್ಳಲಿಲ್ಲ. ಶತ್ರು ರಾಜ್ಯ ಛಿನ್‌ನ ರಾಜ ಮಾತ್ರ ಓದಿ, ಇಂಥವನನ್ನು ಒಮ್ಮೆ ಕಂಡರೆ ಸತ್ತರೂ ಚಿಂತೆಯಿಲ್ಲ ಅಂದನಂತೆ. ಮುಂದೆ ಕ್ರಿ.ಪೂ. 221ರಲ್ಲಿ ಇಡೀ ಚೀನಾವನ್ನು ಗೆದ್ದು ಮೊದಲ ಚಕ್ರವರ್ತಿ ಆದವನು ಇದೇ ರಾಜ. ಆದರೆ ಹಾನ್ ಫೆಯ್ ರಾಯಭಾರಿಯಾಗಿ ಅಲ್ಲಿಗೆ ಹೋದಾಗ, ಒಂದೇ ಗುರುವಿನ ಹತ್ತಿರ ಜೊತೆಯಲ್ಲಿ ಓದಿದ್ದ ಲೀ ಸಿ ಹೊಟ್ಟೆಕಿಚ್ಚಿಗೆ ಚಾಡಿ ಹೇಳಿ ಜೈಲಿಗೆ ಹಾಕಿಸಿದ. ಕ್ರಿ.ಪೂ. 233ರಲ್ಲಿ ಅಲ್ಲೇ ವಿಷ ಕುಡಿದು ಸತ್ತ. ರಾಜನ ಮನಸ್ಸನ್ನು ಒಲಿಸುವುದು ಎಷ್ಟು ಕಷ್ಟ ಅಂತ ಅವನೇ ಒಂದು ಅಧ್ಯಾಯ ಬರೆದಿದ್ದ ಅನ್ನೋದು ವಿಪರ್ಯಾಸ.

ಅವನ ವಾದದ ತಿರುಳು ಸರಳ. ರಾಜನ ಕೈಯಲ್ಲಿ ಎರಡೇ ಹಿಡಿಕೆಗಳಿವೆ, ಶಿಕ್ಷೆ ಒಂದು, ಇನಾಮು ಇನ್ನೊಂದು. ಈ ಎರಡನ್ನೂ ಬೇರೆಯವರಿಗೆ ಬಿಟ್ಟುಕೊಡಬಾರದು. ಹುಲಿ ನಾಯಿಯನ್ನು ಹೆದರಿಸುವುದು ಉಗುರು, ಹಲ್ಲುಗಳಿಂದ. ಅವನ್ನು ಬಿಚ್ಚಿ ನಾಯಿಗೆ ಕೊಟ್ಟರೆ ಹುಲಿಯೇ ನಾಯಿಗೆ ಬಾಲ ಮುದುರಬೇಕಾಗುತ್ತೆ ಅನ್ನುತ್ತಾನೆ. ಇನ್ನು ಮಂತ್ರಿ ಹೇಳಿದ್ದೆಷ್ಟು, ಮಾಡಿದ್ದೆಷ್ಟು ಅಂತ ಪಕ್ಕಪಕ್ಕ ಇಟ್ಟು ನೋಡಬೇಕು. ದೊಡ್ಡದು ಹೇಳಿ ಚಿಕ್ಕದು ಮಾಡಿದರೆ ಶಿಕ್ಷೆ. ಸರಿ, ಒಪ್ಪೋಣ. ಚಿಕ್ಕದು ಹೇಳಿ ದೊಡ್ಡದು ಮಾಡಿದರೂ ಶಿಕ್ಷೆ! ಹೇಳಿದ್ದಕ್ಕೂ ಮಾಡಿದ್ದಕ್ಕೂ ತಾಳೆಯಾಗಲಿಲ್ಲವಲ್ಲ, ಅದಕ್ಕೆ. ಟಾರ್ಗೆಟ್ಟನ್ನು ಬೇಕಂತಲೇ ಕಮ್ಮಿ ಹಾಕಿಕೊಂಡು ಕೊನೆಗೆ ‘120 ಪರ್ಸೆಂಟ್ ಮಾಡಿದೀನಿ ಸಾರ್’ ಅಂತ ಬೋನಸ್ ಕೇಳುವವರ ಬಗ್ಗೆ ಆಗಲೇ ಅವನಿಗೆ ಗೊತ್ತಿತ್ತು ನೋಡಿ.

ಇದೇ ಮಾತಿಗೆ ಅವನು ಕೊಡುವ ಕತೆ ಟೋಪಿಯದು. ಹಾನ್ ರಾಜ್ಯದ ಝಾವೋ ಅನ್ನುವ ದೊರೆ ಕುಡಿದು ಹಾಗೇ ನಿದ್ದೆ ಹೋಗಿದ್ದ. ಟೋಪಿಯ ಉಸ್ತುವಾರಿಯವನು ನೋಡಿದ, ಪಾಪ ಚಳಿ ಆಗ್ತಿದೆಯಲ್ಲ ಅಂತ ಒಂದು ನಿಲುವಂಗಿ ತಂದು ಹೊದಿಸಿದ. ಎಚ್ಚರವಾದ ದೊರೆಗೆ ಖುಷಿಯಾಯಿತು, ಯಾರು ಹೊದಿಸಿದ್ದು ಅಂತ ಕೇಳಿದ. ಟೋಪಿಯವನು ಅಂದರು. ದೊರೆ ಇಬ್ಬರಿಗೂ ಶಿಕ್ಷೆ ಕೊಟ್ಟ. ಬಟ್ಟೆಯ ಉಸ್ತುವಾರಿಯವನಿಗೆ ಕೆಲಸ ಮಾಡಲಿಲ್ಲ ಅಂತ, ಟೋಪಿಯವನಿಗೆ ತನ್ನದಲ್ಲದ ಕೆಲಸ ಮಾಡಿದ ಅಂತ. ದೊರೆಗೆ ಚಳಿ ಇಷ್ಟ ಅಂತ ಅಲ್ಲ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದು ಚಳಿಗಿಂತ ಅಪಾಯ ಅಂತ ಹಾನ್ ಫೆಯ್ ವಿವರಿಸುತ್ತಾನೆ.

ಮೊದಲ ಸಲ ಓದಿದಾಗ ಸಿಟ್ಟು ಬರುತ್ತೆ. ಎರಡನೇ ಸಲ ಓದಿದರೆ ಅವನ ಹೆದರಿಕೆ ಕಾಣುತ್ತೆ. ಒಳ್ಳೆಯ ಉದ್ದೇಶ ಅಂತ ಹೇಳಿಕೊಂಡು ಯಾರು ಬೇಕಾದರೂ ಮಲಗಿರುವ ರಾಜನ ಹತ್ತಿರ ಹೋಗಬಹುದಾದರೆ, ನಾಳೆ ನಿಲುವಂಗಿಯ ಒಳಗೆ ಚಾಕು ಇರುತ್ತೆ. ಆ ಕಾಲದ ಅರಮನೆಗಳಲ್ಲಿ ಅದು ಬರೀ ಕಲ್ಪನೆ ಆಗಿರಲಿಲ್ಲ. ಕೌಟಿಲ್ಯನನ್ನು ಓದಿದವರಿಗೆ ಈ ಸ್ವಭಾವ ಪರಿಚಯವೇ, ಅಧಿಕಾರಿಗಳು ಹಣ ನುಂಗುವ ನಲವತ್ತು ದಾರಿಗಳನ್ನು ಪಟ್ಟಿ ಮಾಡಿದ ಮನುಷ್ಯ ಅವನು.

ಆದರೆ ಟೋಪಿಯ ಕತೆ ಇವತ್ತಿಗೆ ಬಂದರೆ ಏನಾಗುತ್ತೆ ಅಂತ ನೋಡಲು 2020ರ ವುಹಾನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಲೀ ವೆನ್‌ಲಿಯಾಂಗ್ ಕಣ್ಣಿನ ಡಾಕ್ಟರ್. ಸಾಂಕ್ರಾಮಿಕ ರೋಗ ಅವರ ವಿಭಾಗವೇ ಅಲ್ಲ. 2019ರ ಡಿಸೆಂಬರ್ 30ರಂದು, ಸಾರ್ಸ್ ಥರದ ರೋಗ ಬಂದಿದೆ, ಹುಷಾರು ಅಂತ ಕಾಲೇಜಿನ ಗೆಳೆಯರ ಗ್ರೂಪಿನಲ್ಲಿ ಹಾಕಿದರು. ಜನವರಿ 3ಕ್ಕೆ ಪೊಲೀಸರು ಕರೆಸಿ ಒಂದು ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅದರಲ್ಲಿ, ಇದನ್ನೆಲ್ಲ ನಿಲ್ಲಿಸಲು ನಿನ್ನಿಂದ ಆಗುತ್ತದೆಯೇ ಅನ್ನುವ ಪ್ರಶ್ನೆಯ ಕೆಳಗೆ ‘ಆಗುತ್ತದೆ’ ಅಂತ, ಅರ್ಥವಾಯಿತೇ ಅನ್ನುವುದರ ಕೆಳಗೆ ‘ಅರ್ಥವಾಯಿತು’ ಅಂತ ಅವರೇ ಕೈಯಾರೆ ಬರೆದಿದ್ದಾರೆ. ಫೆಬ್ರವರಿ 7ರಂದು ಅದೇ ರೋಗಕ್ಕೆ ತೀರಿಕೊಂಡರು. ಮಾರ್ಚ್‌ನಲ್ಲಿ ಆ ಎಚ್ಚರಿಕೆಯನ್ನು ವಾಪಸ್ ತೆಗೆದುಕೊಂಡು ಪೊಲೀಸರು ಕುಟುಂಬದ ಕ್ಷಮೆ ಕೇಳಿದರು.

ಇದು ಟೋಪಿಯವನ ಕತೆ. ಬಟ್ಟೆಯವನ ಕತೆ ವುಹಾನ್ ಮೇಯರ್‌ದು. ಜನವರಿ 27ರಂದು ಸರ್ಕಾರಿ ಟಿವಿಯಲ್ಲಿ ಕೂತು, ಸ್ಥಳೀಯ ಸರ್ಕಾರವಾಗಿ ನಮಗೆ ಮಾಹಿತಿ ಇದ್ದರೂ ಮೇಲಿನಿಂದ ಅನುಮತಿ ಬರದೆ ಹೊರಗೆ ಹೇಳುವ ಹಾಗಿಲ್ಲ ಅಂದರು. ಹೇಳಬೇಕಾದವರು ಅನುಮತಿಗೆ ಕಾದರು, ಹೇಳಿದವರಿಗೆ ಅದು ಅವರ ಕೆಲಸ ಅಲ್ಲ ಅಂದರು. ಹಾನ್ ಫೆಯ್‌ನ ನಿಯಮ ಅಕ್ಷರಶಃ ಪಾಲನೆ ಆಗಿತ್ತು, ದೊರೆ ಮಾತ್ರ ಚಳಿಯಲ್ಲೇ ಮಲಗಿದ್ದ.

ನಮ್ಮಲ್ಲೂ ‘ಅದು ಈ ಕೌಂಟರ್ ಅಲ್ಲ, ಮೂರನೇ ಕೌಂಟರಿಗೆ ಹೋಗಿ’ ಅಂತಾರಲ್ಲ, ಮೂರನೆಯದರಲ್ಲಿ ಯಾರೂ ಇರುವುದಿಲ್ಲ. ಬೈಯುವ ಮುಂಚೆ ಒಂದು ಕ್ಷಣ ಯೋಚಿಸಿ. ಆ ಗುಮಾಸ್ತರು ಹೋದ ವರ್ಷ ಯಾರಿಗೋ ಸಹಾಯ ಮಾಡಲು ಹೋಗಿ ಮೆಮೊ ತಿಂದಿರಬಹುದು. ಸೋಮಾರಿತನದ ಹಾಗೆ ಕಾಣುವುದು ಎಷ್ಟೋ ಸಲ ಟೋಪಿಯವನಿಗೆ ಬಿದ್ದ ಏಟಿನ ನೆನಪು.

ಅದೇ ಅಧ್ಯಾಯದಲ್ಲಿ ಇನ್ನೊಂದು ವಿಚಾರವಿದೆ, ನನ್ನ ಪ್ರಕಾರ ಹಾನ್ ಫೆಯ್ ಬರೆದದ್ದರಲ್ಲೆಲ್ಲ ಹರಿತವಾದದ್ದು ಅದೇ. ಛು ರಾಜ್ಯದ ರಾಜನಿಗೆ ಸಣ್ಣ ಸೊಂಟ ಇಷ್ಟ ಅಂತ ಗೊತ್ತಾಗಿ ರಾಜಧಾನಿಯಲ್ಲಿ ಎಷ್ಟೋ ಜನ ಊಟ ಬಿಟ್ಟರು. ಛೀ ರಾಜ್ಯದ ದೊರೆಗೆ ರುಚಿಯ ಹುಚ್ಚು ಅಂತ ಗೊತ್ತಾಗಿ ಅಡುಗೆಯವನು ತನ್ನ ಮಗನನ್ನೇ ಬೇಯಿಸಿ ಬಡಿಸಿದ. ಯಥಾ ರಾಜಾ ತಥಾ ಪ್ರಜಾ ಅಂತ ನಾವು ಹೇಳುವುದರ ಕರಾಳ ರೂಪ ಇದು. ಮೇಲಿನವರು ಏನನ್ನು ನೋಡುತ್ತಾರೋ ಕೆಳಗಿನವರು ಅದನ್ನೇ ತೋರಿಸುತ್ತಾರೆ. ಆದ್ದರಿಂದ ರಾಜ ತನಗೆ ಏನಿಷ್ಟ ಅಂತ ಮುಖದಲ್ಲೂ ತೋರಿಸಬಾರದು ಅನ್ನುವುದು ಅವನ ಸಲಹೆ.

1958ರಲ್ಲಿ ಮಾವೋ ‘ಮಹಾ ಜಿಗಿತ’ ಶುರು ಮಾಡಿದಾಗ ಮೇಲಿನವರಿಗೆ ಬೇಕಾಗಿದ್ದು ದೊಡ್ಡ ಬೆಳೆಯ ಅಂಕಿ. ಹಳ್ಳಿ ಹಳ್ಳಿಯಿಂದ ಆ ಅಂಕಿ ಬಂತು, ಪಕ್ಕದ ಹಳ್ಳಿಗಿಂತ ಜಾಸ್ತಿ, ಅದಕ್ಕಿಂತ ಜಾಸ್ತಿ. ಸರ್ಕಾರ ಆ ಸುಳ್ಳು ಅಂಕಿಯ ಲೆಕ್ಕದಲ್ಲೇ ಧಾನ್ಯ ಎತ್ತಿಕೊಂಡು ಹೋಯಿತು. 1959ರಿಂದ 61ರವರೆಗಿನ ಬರಗಾಲದಲ್ಲಿ ಕೋಟಿಗಟ್ಟಲೆ ಜನ ಸತ್ತರು. ಸಣ್ಣ ಸೊಂಟದ ಕತೆ ಇಡೀ ದೇಶದ ಮೇಲೆ ನಡೆದರೆ ಹೀಗಾಗುತ್ತೆ.

ಈಗ ಆ ರಾಜನ ಜಾಗದಲ್ಲಿ ಆಲ್ಗರಿದಮ್ ಕೂತಿದೆ. 2020ರ ಸೆಪ್ಟೆಂಬರ್‌ನಲ್ಲಿ ಚೀನಾದ ‘ರೆನ್‌ವು’ ಪತ್ರಿಕೆ ಊಟ ತಲುಪಿಸುವ ಹುಡುಗರ ಬಗ್ಗೆ ಒಂದು ದೊಡ್ಡ ವರದಿ ಮಾಡಿತು. ಮೂರು ಕಿಲೋಮೀಟರ್ ದೂರದ ಆರ್ಡರ್‌ಗೆ 2016ರಲ್ಲಿ ಒಂದು ಗಂಟೆ ಕೊಡುತ್ತಿದ್ದರು, 2017ರಲ್ಲಿ 45 ನಿಮಿಷ, 2018ಕ್ಕೆ 38 ನಿಮಿಷ. ಟೈಮು ಕಮ್ಮಿಯಾಗಿದ್ದು ಹೇಗೆ ಅನ್ನುವುದರಲ್ಲಿ ಸ್ವಾರಸ್ಯ ಇದೆ. ತಡವಾದರೆ ದಂಡ, ಅದಕ್ಕೆ ಹುಡುಗರು ರೆಡ್ ಸಿಗ್ನಲ್ ಹಾರಿಸುತ್ತಾರೆ, ಒನ್‌ವೇಯಲ್ಲಿ ನುಗ್ಗುತ್ತಾರೆ, ಬೇಗ ತಲುಪುತ್ತಾರೆ. ಸಿಸ್ಟಮ್ಮಿಗೆ ಸಿಗ್ನಲ್ ಕಾಣುವುದಿಲ್ಲ, ಬೇಗ ತಲುಪಿದ್ದು ಮಾತ್ರ ಕಾಣುತ್ತೆ. ಓಹೋ, ಇಷ್ಟು ಬೇಗ ಆಗುತ್ತೆ ಅಂತ ಮುಂದಿನ ಸಲ ಇನ್ನೂ ಕಮ್ಮಿ ಟೈಮ್ ಕೊಡುತ್ತೆ. ತಾವು ಪಟ್ಟ ಸಾಹಸವೇ ತಮ್ಮ ಕುತ್ತಿಗೆಗೆ ಬರುತ್ತೆ, ಹಾಗಂತ ನಿಧಾನ ಮಾಡಿದರೆ ಇವತ್ತಿನ ದುಡ್ಡು ಹೋಗುತ್ತೆ. ತನ್ನ ಇಷ್ಟ ಏನು ಅಂತ ತೋರಿಸಬೇಡ ಅಂತ ರಾಜನಿಗೆ ಹೇಳಬಹುದು. ಇಷ್ಟವನ್ನು ಕೌಂಟ್‌ಡೌನ್ ಮಾಡಿ ಮೊಬೈಲ್ ಮೇಲೇ ತೋರಿಸುವ ಆ್ಯಪ್‌ಗೆ ಏನು ಹೇಳೋಣ?

ವರದಿ ಬಂದ ಬೆನ್ನಲ್ಲೇ ಊಟ ತಲುಪಿಸುವ ಎಲೆಮ (Ele.me) ಅನ್ನುವ ಕಂಪನಿ ‘ನಾನು ಇನ್ನೂ ಐದು ನಿಮಿಷ ಕಾಯುತ್ತೇನೆ’ ಅನ್ನುವ ಬಟನ್ ತರುತ್ತೇವೆ ಅಂದಿತು. ತಮ್ಮ ಜವಾಬ್ದಾರಿಯನ್ನು ಗಿರಾಕಿಯ ಕರುಣೆಯ ಮೇಲೆ ಹಾಕಿದ್ದಕ್ಕೆ ಜನ ಚೆನ್ನಾಗಿ ಉಗಿದರು. ಇನ್ನೊಂದು ಕಂಪನಿ ಮೇಯ್‌ಟ್ವಾನ್ ಎಂಟು ನಿಮಿಷ ಸಡಿಲ ಕೊಡುತ್ತೇವೆ ಅಂದಿತು. 2021ರ ಜುಲೈನಲ್ಲಿ ಸರ್ಕಾರ ಮಾರ್ಗಸೂಚಿ ಹೊರಡಿಸಿ, ಅತಿ ಕಟ್ಟುನಿಟ್ಟಾದ ಆಲ್ಗರಿದಮ್ಮನ್ನು ಅಳತೆಗೆ ಬಳಸಬೇಡಿ, ನಡುಮಟ್ಟ ಹಿಡಿಯಿರಿ ಅಂದಿತು. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯ ಹಿಂದೆಯೂ ಇಂಥದ್ದೇ ತಕರಾರು ಇದೆ. ಕಲ್ಯಾಣ ಮಂಡಳಿಯ ಜೊತೆಗೆ, ಸ್ವಯಂಚಾಲಿತ ವ್ಯವಸ್ಥೆ ನಿಮ್ಮನ್ನು ಹೇಗೆ ಅಳೆಯುತ್ತೆ ಅಂತ ಕೆಲಸಗಾರರಿಗೆ ತಿಳಿಸಬೇಕು ಅನ್ನುವುದೂ ಅದರಲ್ಲಿದೆ.

ಸರಿ, ಇದಕ್ಕೆ ಕನ್ಫ್ಯೂಷಿಯಸ್ ಏನು ಹೇಳುತ್ತಾನೆ? ಅವನು ಹಾನ್ ಫೆಯ್‌ಗಿಂತ ಇನ್ನೂರಕ್ಕೂ ಜಾಸ್ತಿ ವರ್ಷ ಹಿಂದಿನವನು, ಆದರೂ ಉತ್ತರ ಮೊದಲೇ ಬರೆದಿಟ್ಟ ಹಾಗಿದೆ. ಆಜ್ಞೆ ಹಾಕಿ ನಡೆಸಿದರೆ, ಶಿಕ್ಷೆಯಿಂದ ಸರಿಮಾಡಿದರೆ ಜನ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾರೆ, ನಾಚಿಕೆ ಮಾತ್ರ ಇರುವುದಿಲ್ಲ. ನಡತೆಯಿಂದ ನಡೆಸಿದರೆ, ರೀತಿ ರಿವಾಜಿನಿಂದ ಸರಿಮಾಡಿದರೆ ನಾಚಿಕೆಯೂ ಇರುತ್ತೆ, ತಾವೇ ಸರಿಹೋಗುತ್ತಾರೆ. ಇದು ಮೇಷ್ಟರ ಉಪದೇಶದ ಹಾಗೆ ಕೇಳುತ್ತೆ, ಆದರೆ ತುಂಬಾ ವ್ಯವಹಾರದ ಮಾತು. ದಂಡದ ಹೆದರಿಕೆ ಒಂದೇ ಇದ್ದರೆ, ದಂಡ ಎಲ್ಲಿ ಮುಗಿಯುತ್ತೋ ಅಲ್ಲಿಗೆ ಕಾಳಜಿಯೂ ಮುಗಿಯುತ್ತೆ. ಅಳತೆಗೆ ಸಿಗದೇ ಇರುವುದನ್ನು ಯಾರೂ ಮಾಡುವುದಿಲ್ಲ.

ನಾನು ಗಾಡಿ ಸರ್ವಿಸ್‌ಗೆ ಬಿಟ್ಟು ತಂದ ಮೇಲೆ ಕಂಪನಿಯಿಂದ ರೇಟಿಂಗ್ ಕೇಳಿ ಫೋನ್ ಬರುತ್ತೆ. ಅದಕ್ಕಿಂತ ಮೊದಲು ಸರ್ವಿಸ್ ಸೆಂಟರಿನ ಹುಡುಗ ಫೋನ್ ಮಾಡುತ್ತಾನೆ. ‘ಸಾರ್, ಹತ್ತಕ್ಕೆ ಹತ್ತು ಕೊಟ್ಬಿಡಿ ಸಾರ್, ಒಂಬತ್ತು ಕೊಟ್ರೂ ನಂಗೆ ಇನ್ಸೆಂಟಿವ್ ಕಟ್ ಆಗುತ್ತೆ.’ ಬ್ರೇಕ್ ಒತ್ತಿದರೆ ಬರುತ್ತಿದ್ದ ಕಿರ್ರ್ ಸದ್ದು ಹಾಗೇ ಇತ್ತು. ಪಾಪ ಹುಡುಗ ಅಂತ ಹತ್ತು ಕೊಟ್ಟೆ. ಕಂಪನಿಗೆ ನಾನು ಸಂತೃಪ್ತ ಗಿರಾಕಿ, ಹುಡುಗನಿಗೆ ಟಾರ್ಗೆಟ್ ಆಯಿತು, ಬ್ರೇಕ್ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ಸೆಕ್ಯೂರಿಟಿಯವರು ಸುತ್ತುತ್ತಾರೋ ಇಲ್ಲವೋ ಅಂತ ಗೋಡೆಗಳ ಮೇಲೆ ಕ್ಯೂಆರ್ ಕೋಡ್ ಅಂಟಿಸಿದರು, ಗಂಟೆಗೊಂದು ಸಲ ಸ್ಕ್ಯಾನ್ ಮಾಡಬೇಕು. ಈಗ ಅವರ ಗಮನವೆಲ್ಲ ಸ್ಕ್ಯಾನ್ ಮೇಲೆ. ಗೇಟಿನ ಹತ್ತಿರ ಏನು ಸದ್ದು ಅಂತ ನೋಡಲು ನಿಂತರೆ ಮುಂದಿನ ಸ್ಕ್ಯಾನ್ ತಪ್ಪುತ್ತೆ. ‘ಕಾನೂನು ಹೆಚ್ಚಿದಷ್ಟೂ ಕಳ್ಳರು ಹೆಚ್ಚು’ ಅಂತ ಲಾವೋತ್ಸೆ ಹೇಳಿದ್ದು ಉತ್ಪ್ರೇಕ್ಷೆ ಇರಬಹುದು, ಸ್ಕ್ಯಾನ್ ಹೆಚ್ಚಿದಷ್ಟೂ ಸ್ಕ್ಯಾನ್ ಮಾಡುವವರು ಹೆಚ್ಚುತ್ತಾರೆ ಅನ್ನುವುದಂತೂ ನಿಜ.

ಹಾಗಾದರೆ ಕನ್ಫ್ಯೂಷಿಯಸ್ ಗೆದ್ದ, ಹಾನ್ ಫೆಯ್ ಸೋತ ಅಂತಲೇ? ಅಷ್ಟು ಸುಲಭ ಇಲ್ಲ. ಹಾನ್ ಫೆಯ್‌ನ ಬಾಯಲ್ಲೂ ಗಟ್ಟಿ ಉತ್ತರ ಇದೆ. ಕನ್ಫ್ಯೂಷಿಯಸ್‌ನಂಥ ಮಹಾತ್ಮನ ಹಿಂದೆ ಹೋದವರು ಎಷ್ಟು ಜನ? ಎಪ್ಪತ್ತು. ಅವನ ಊರಿನ ದೊರೆ ತೀರಾ ಸಾಧಾರಣ ಮನುಷ್ಯ, ಆದರೆ ಇಡೀ ರಾಜ್ಯ ಅವನ ಮಾತು ಕೇಳುತ್ತಿತ್ತು, ಕನ್ಫ್ಯೂಷಿಯಸ್ ಕೂಡ. ಇನ್ನೊಂದು ಕಡೆ ಲೆಕ್ಕ ಹಾಕುತ್ತಾನೆ, ದೇಶದಲ್ಲಿ ಪ್ರಾಮಾಣಿಕರು ಹುಡುಕಿದರೆ ಹತ್ತು ಜನ ಸಿಗುವುದಿಲ್ಲ, ತುಂಬಬೇಕಾದ ಹುದ್ದೆಗಳು ನೂರಾರು. ಒಳ್ಳೆಯವರಿಗಾಗಿ ಕಾಯುತ್ತಾ ಕೂತರೆ ಕಚೇರಿ ನಡೆಯುವುದು ಹೇಗೆ? ಸಾಧಾರಣ ಮನುಷ್ಯನೂ ಕುರ್ಚಿಯಲ್ಲಿ ಕೂತು ಹಾಳು ಮಾಡದಂಥ ವ್ಯವಸ್ಥೆ ಬೇಕು. ಈ ವಾದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಒಪ್ಪಿಕೊಳ್ಳುತ್ತೇನೆ ಕೂಡ. ಮೇಂಟೆನೆನ್ಸ್ ಕಟ್ಟದವರಿಗೆ ಲೇಟ್ ಫೀ ಅಂದರೆ ಸೆಕ್ರೆಟರಿಯ ಭಾವಮೈದನಿಗೂ ಲೇಟ್ ಫೀ ಬೀಳಬೇಕು, ಅಲ್ಲಿ ‘ಅವರು ಒಳ್ಳೆಯವರು, ಕೊಡ್ತಾರೆ ಬಿಡಿ’ ಅನ್ನುವುದು ಕೆಲಸಕ್ಕೆ ಬರುವುದಿಲ್ಲ. ನಡತೆ, ನಂಬಿಕೆ ಅಂತ ಶುರುವಾದದ್ದು ಬೇಗನೆ ‘ನಮ್ಮವರು’ ಅಂತ ಆಗಿಬಿಡುತ್ತೆ. ಛಿನ್‌ನ ಯುವರಾಜ ಕಾನೂನು ಮೀರಿದಾಗ ಶಾಂಗ್ ಯಾಂಗ್ ಯುವರಾಜನನ್ನು ಮುಟ್ಟಲಾಗದೆ ಅವನ ಶಿಕ್ಷಕರಿಗೆ ಶಿಕ್ಷೆ ಕೊಡಿಸಿದ, ಅವರೂ ರಾಜವಂಶದ ನಂಟಿನವರೇ. ಆ ಧೈರ್ಯ ಇವತ್ತು ಎಷ್ಟು ಕಡೆ ಇದೆ?

ಹಾಗಂತ ಇಬ್ಬರನ್ನೂ ಬೆರೆಸಲು ಹೋದರೆ ಆ ಬೆರಕೆ ಹೇಗೆ ಕೆಡುತ್ತೆ ಅಂತ ನೋಡಬೇಕಾದರೆ ಚೀನಾದ ಸೋಷಿಯಲ್ ಕ್ರೆಡಿಟ್ ನೋಡಿ. ಚೀನಾದಲ್ಲಿ ಪ್ರತಿಯೊಬ್ಬರಿಗೂ ಒಂದು ಅಂಕ ಇದೆ, ಕಮ್ಮಿಯಾದರೆ ಬದುಕು ಮುಗೀತು ಅನ್ನುವ ವಿಡಿಯೊಗಳು ಓಡಾಡುತ್ತವೆ. ಹಾಗೆ ಇಡೀ ದೇಶಕ್ಕೆ ಒಂದೇ ಅಂಕಪಟ್ಟಿ ಇಲ್ಲ. ಇರುವುದು ಬೇರೆ ಬೇರೆ ಇಲಾಖೆಗಳ ಪಟ್ಟಿಗಳು, ಕೆಲವು ಊರುಗಳ ಪ್ರಯೋಗಗಳು. ಕೈಯಲ್ಲಿ ದುಡ್ಡಿದ್ದೂ ಕೋರ್ಟ್ ಹೇಳಿದ ಸಾಲ ತೀರಿಸದವರ ಪಟ್ಟಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2013ರಿಂದ ಇಟ್ಟಿದೆ, ಅದರಲ್ಲಿ ಹೆಸರು ಬಂದರೆ ವಿಮಾನ, ಹೈಸ್ಪೀಡ್ ರೈಲಿನ ಟಿಕೆಟ್ ಸಿಗುವುದಿಲ್ಲ. ಇದು ಅಪ್ಪಟ ಹಾನ್ ಫೆಯ್, ಇಷ್ಟವಾಗಲಿ ಬಿಡಲಿ ನಿಯಮ ಸ್ಪಷ್ಟ. ಆದರೆ ಶಾನ್‌ಡಾಂಗ್ ಪ್ರಾಂತ್ಯದ ರೊಂಗ್‌ಚೆಂಗ್ ಊರಿನಲ್ಲಿ ಎಲ್ಲರಿಗೂ 1,000 ಅಂಕದಿಂದ ಶುರು ಮಾಡಿ, ದಾನ ಕೊಟ್ಟರೆ, ಸಮಾಜಸೇವೆ ಮಾಡಿದರೆ ಅಂಕ ಕೂಡಿಸುವ ಪದ್ಧತಿ ತಂದರು. ಕನ್ಫ್ಯೂಷಿಯಸ್‌ನ ಸದ್ಗುಣವನ್ನು ಹಾನ್ ಫೆಯ್‌ನ ಕೋಲಿನಿಂದ ಅಳೆಯುವ ಕೆಲಸ ಇದು, ಇಬ್ಬರಿಗೂ ಇಷ್ಟವಾಗುತ್ತಿರಲಿಲ್ಲ. ಅಂಕಕ್ಕಾಗಿ ಮಾಡಿದ ದಾನದಲ್ಲಿ ನಾಚಿಕೆಯೂ ಇಲ್ಲ ನಡತೆಯೂ ಇಲ್ಲ ಅಂತ ಒಬ್ಬ ಅನ್ನುತ್ತಿದ್ದ, ಮನೆಯ ಸದ್ಗುಣಕ್ಕೆಲ್ಲ ಸರ್ಕಾರ ಯಾಕೆ ಇನಾಮು ಕೊಡಬೇಕು ಅಂತ ಇನ್ನೊಬ್ಬ. 95 ಪರ್ಸೆಂಟ್ ತೆಗೆದರೆ ಮೊಬೈಲ್ ಕೊಡಿಸುತ್ತೇನೆ ಅಂತ ಮಕ್ಕಳಿಗೆ ಹೇಳುವ ಅಪ್ಪ ಅಮ್ಮಂದಿರೂ ಸ್ವಲ್ಪ ಯೋಚಿಸಬಹುದು.

ಕಟ್ಟುನಿಟ್ಟಿನ ಕಾನೂನೇ ಛಿನ್ ಸಾಮ್ರಾಜ್ಯವನ್ನು ಮುಳುಗಿಸಿತು ಅಂತ ಎಲ್ಲರೂ ಹೇಳುತ್ತಾರೆ. ಕ್ರಿ.ಪೂ. 209ರಲ್ಲಿ ಗಡಿಕಾವಲಿಗೆ ಹೊರಟಿದ್ದ 900 ಜನ ಮಳೆಗೆ ಸಿಕ್ಕಿ ತಡವಾದರು, ತಡವಾದರೆ ಮರಣದಂಡನೆ, ಹೇಗಿದ್ದರೂ ಸಾಯುವುದೇ ಅಂತ ಚೆನ್ ಶೆಂಗ್ ಅನ್ನುವವನು ಅವರನ್ನು ದಂಗೆ ಎಬ್ಬಿಸಿದ, ಮೂರೇ ವರ್ಷದಲ್ಲಿ ಸಾಮ್ರಾಜ್ಯ ಹೋಯಿತು. ಒಳ್ಳೆಯ ಕತೆ. ತೊಂದರೆ ಏನೆಂದರೆ, ಇಲಿ ಬಿಲದ ಲೆಕ್ಕ ಇದ್ದ ಅದೇ ಬಿದಿರ ಪಟ್ಟಿಗಳಲ್ಲಿ ಬಿಟ್ಟಿ ಚಾಕರಿಗೆ ತಡವಾಗಿ ಬಂದವರ ಲೆಕ್ಕವೂ ಇದೆ. ಮೂರರಿಂದ ಐದು ದಿನ ತಡವಾದರೆ ಛೀಮಾರಿ, ಹತ್ತು ದಿನದವರೆಗೆ ಒಂದು ಗುರಾಣಿ ದಂಡ, ಅದು ದಾಟಿದರೆ ಒಂದು ಕವಚ. ಮಳೆ ಬಂದರೆ ಮಾಫಿ. ಸೈನಿಕರಿಗೆ ಬೇರೆ ಕಾನೂನು ಇತ್ತೇ, ಆಮೇಲೆ ಬಿಗಿ ಮಾಡಿದರೇ, ಅಥವಾ ಗೆದ್ದವರು ಬರೆದ ಇತಿಹಾಸವೇ ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ.

ಛಿನ್ ಹೋದ ಮೇಲೆ ಬಂದ ಹಾನ್ ಸಾಮ್ರಾಜ್ಯ (ಹಾನ್ ಫೆಯ್‌ನ ರಾಜ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ) ಬಾಯಲ್ಲಿ ಕನ್ಫ್ಯೂಷಿಯಸ್, ಕೈಯಲ್ಲಿ ಹಾನ್ ಫೆಯ್ ಅನ್ನುವ ದಾರಿ ಹಿಡಿಯಿತು. ಕ್ರಿ.ಪೂ. ಒಂದನೇ ಶತಮಾನದಲ್ಲಿ ಶುವಾನ್ ಅನ್ನುವ ಚಕ್ರವರ್ತಿಗೆ ಅವನ ಮಗ ಒಂದು ದಿನ, ಅಪ್ಪಾಜಿ, ಶಿಕ್ಷೆ ಜಾಸ್ತಿಯಾಯಿತು, ಕನ್ಫ್ಯೂಷಿಯಸ್ ಪಂಡಿತರನ್ನು ಇಟ್ಟುಕೊಳ್ಳಿ ಅಂದ. ಅಪ್ಪನ ಮುಖ ಕೆಂಪಾಯಿತು. ನಮ್ಮ ಮನೆತನ ಮೊದಲಿನಿಂದಲೂ ಎರಡನ್ನೂ ಬೆರೆಸಿಯೇ ಆಳಿದೆ, ಬರೀ ಸದ್ಗುಣ ನಂಬಿಕೊಂಡು ಹೋಗಲು ಆಗುತ್ತದೆಯೇ ಅಂತ ಗದರಿಸಿ, ನನ್ನ ವಂಶ ಕೆಡಿಸುವವನು ಇವನೇ ಅಂತ ನಿಟ್ಟುಸಿರು ಬಿಟ್ಟನಂತೆ. ಮಗ ಪಟ್ಟಕ್ಕೆ ಬಂದ, ಪಂಡಿತರನ್ನೇ ಇಟ್ಟುಕೊಂಡ. ಅವನ ರಾಣಿಯ ಸೋದರಳಿಯ ವಾಂಗ್ ಮಾಂಗ್, ಊರಿಗೆಲ್ಲ ಕನ್ಫ್ಯೂಷಿಯಸ್‌ನ ಸದ್ಗುಣಕ್ಕೆ ಹೆಸರಾದವನು, ಕ್ರಿ.ಶ. 9ರಲ್ಲಿ ಸಿಂಹಾಸನವನ್ನೇ ಕಿತ್ತುಕೊಂಡ.